ಕೊನೆ ಹೊಲದ ತುಂಡು ಸಿಗಲಿಲ್ಲ

ನನ್ನ ಶರಣಕ್ಕಾ,

ಮಾನ್ವಿ ಕಾಲುವೆಯ ನೀರಿನ ಪಾಳಿಗೆ ನೀನು ಪ್ರೋಗ್ರಾಂ ಬರೆಯಲು ಕೂತ ದಿನ ನೆನಪಿದೆಯಾ? ಎಲ್ಲರಿಗೂ ಗೊತ್ತಿರುವ ಭಾಷೆ ಬಿಟ್ಟು ಇದ್ಯಾವುದೋ ಫಂಕ್ಷನಲ್ ಭಾಷೆ ಯಾಕೆ ಅಂತ ರೇಗಿಸಿದ್ದೆ. "ಇದರಾಗ ಒಂದು ಹೆಸರಿಗೆ ಒಮ್ಮೆ ಇಟ್ಟ ಬೆಲಿ ಯಾರೂ ತಿದ್ದಾಕ ಬರಂಗಿಲ್ಲ ಬೇ. ಪಾಳಿನೂ ಹಂಗ ಇರಬೇಕು" ಅಂದಿದ್ದೆ ನೀನು.

ದೇವದುರ್ಗದಲ್ಲಿ ನಿನ್ನನ್ನು ಮಣ್ಣಿಗಿಟ್ಟು ರಾಯಚೂರಿನ ಮನೆಗೆ ಬಂದು ನೋಡಿದರೆ ನಿನ್ನ ಲ್ಯಾಪ್‌ಟಾಪ್ ಸತ್ತಿತ್ತು. ನೀನು ಬರೆದ ಒಂದು ಸಾಲೂ ಉಳಿದಿರಲಿಲ್ಲ. ಉಳಿದದ್ದು ಪೆನ್‌ಡ್ರೈವಿನಲ್ಲಿದ್ದ ಕಂಪೈಲಾಗಿ ಯಂತ್ರದ ಭಾಷೆಗೆ ತಿರುಗಿದ ತುಂಡುಗಳು, ಓದಲು ಬರುವುದಿಲ್ಲ, ಒಂದಕ್ಕೊಂದು ಜೋಡಿಸಬಹುದು ಅಷ್ಟೇ. ಕೈಯಾರೆ ಲಿಂಕ್ ಮಾಡಲು ಕೂತೆ. ಸಿದ್ಧ ಲೆಕ್ಕಗಳನ್ನು ಕೊಡುವ ಲೈಬ್ರರಿಯನ್ನು ಮೊದಲಿಟ್ಟೆ, ಅವನ್ನು ಹೆಸರು ಹಿಡಿದು ಕೇಳುವ ತುಂಡುಗಳನ್ನು ಹಿಂದಿಟ್ಟೆ. ನಮ್ಮ ಕಾಲುವೆಯಲ್ಲಿ ಮೇಲ್ಗಡೆ ಹೊಲದವರಿಗೇ ಮೊದಲಲ್ಲವಾ, ಕೈಗೆ ಅದೇ ರೂಢಿ. ತುಂಡು ಜೋಡಿಸುವ ಲಿಂಕರ್ ಕೇಳಿದ ಯಾವ ಹೆಸರೂ ಸಿಗಲಿಲ್ಲ ಅಂತ ಉಗಿಯಿತು.

ಆಗ, ನಾನು ಲಿಂಕ್ ಮಾಡಲು ಕಲಿಯುವಾಗ ಅಡುಗೆಮನೆಯಿಂದ ನೀನು ಕೂಗುತ್ತಿದ್ದದ್ದು ನೆನಪಾಯಿತು. "ಮೊದಲ ಕೇಳೋರ್ನ ನಿಂದ್ರಸು, ಆಮ್ಯಾಲ ಕೊಡೋರ್ನ. ಕೇಳೋರ ಇಲ್ಲದಾಗ ಕೊಡಾಕ ಬಂದ್ರ ಅದು ಹೊಳ್ಳಿ ಹೋಗತದ." ಅದಲುಬದಲು ಮಾಡಿದೆ. ಒಂದೊಂದೇ ಹೆಸರು ಕೂಡಿತು. ಅಳು ಬಂತು ಅಕ್ಕಾ, ನೀನೇ ಎದ್ದು ಬರುತ್ತಿದ್ದೀಯೇನೋ ಅನ್ನುವಂತೆ...

ಒಂದು ಹೆಸರು ಉಳಿಯಿತು. ಕೊನೆ ಹೊಲ. ಕಾಲುವೆಯ ತುದಿಯವರ ಪಾಳಿ ಲೆಕ್ಕ ಹಾಕುವ ತುಂಡು. ಎಲ್ಲ ಕಡೆ ಅದನ್ನು ಕರೆದಿದ್ದೀಯ, ಎಲ್ಲೂ ಬರೆದಿಲ್ಲ. ಜ್ವರದಲ್ಲಿ "ಅದೊಂದು ಉಳದದ" ಅಂತ ಗೊಣಗುತ್ತಿದ್ದದ್ದು ಇದೇನಾ? ಯಾಕೆ ನಾನು ಒಮ್ಮೆಯಾದರೂ ಕೇಳಲಿಲ್ಲ?

ಆ ಹೆಸರಿಟ್ಟು, ಒಳಗೆ ಏನೂ ಇಲ್ಲದ ತುಂಡೊಂದನ್ನು ನಾನೇ ಮಾಡಿ ಸೇರಿಸಿದೆ. ಪ್ರೋಗ್ರಾಂ ಓಡಿತು. ಎಲ್ಲರಿಗೂ ಪಾಳಿ ಬಂತು. ತುದಿಯವರ ಎದುರು ಬರೀ ಖಾಲಿ.

ನಿನ್ನೆ ತುದಿ ಹೊಲದ ಬಸಣ್ಣ ಕಾಕಾ ಬಂದಿದ್ದರು. ತೋರಿಸಿದೆ. ಪರದೆಯ ಮೇಲಿನ ಆ ಖಾಲಿ ಜಾಗಕ್ಕೆ ಬೆರಳಿಟ್ಟರು. "ಅಕಿನೂ ನಮ್ಮನ್ನ ಕಡೀಕ ಇಟ್ಟಿದ್ಲೇನವ್ವಾ?" ಅಂದರು.

ಇಲ್ಲ ಅನ್ನಬೇಕಿತ್ತು. ಕೇಳುವವರೇ ಮೊದಲು ಅಂದವಳು ನೀನು. ಆದರೆ ತೋರಿಸಲು ನನ್ನ ಹತ್ತಿರ ಏನಿದೆ, ನಾನು ಮಾಡಿದ ಆ ಖಾಲಿ ತುಂಡು ಬಿಟ್ಟರೆ? ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಹೋದರು.

ಸೋಮವಾರ ಕಾಲುವೆಗೆ ನೀರು ಬಿಡುತ್ತಾರೆ, ಅಕ್ಕಾ.

ನಿನ್ನ ತಂಗಿ