ಹೊಲಿಗೆ ಕ್ಲಾಸಿನ ಸ್ಕ್ರೂಡ್ರೈವರ್

ಹೊಳೆನರಸೀಪುರ
೨೯-೧೦-೨೦೦೨, ಮಂಗಳವಾರ

ಅನ್ವಿತಾಳ ಅಪ್ಪನಿಗೆ,

ಸರಸ ಮಾಡುವ ನಮಸ್ಕಾರ. ಕ್ಷೇಮಸಮಾಚಾರ ಆಮೇಲೆ. ವಾಪಸ್ ಟಿಕೆಟ್ ಮಾಡಿಸಲು ಹೊರಟಿದ್ದರೆ ಬೂಟು ಬಿಚ್ಚಿಟ್ಟು ಮೊದಲು ಕೂತುಕೊಳ್ಳಿ. ಇದನ್ನು ಪೂರ್ತಿ ಓದಿಯೂ ಬರಬೇಕು ಅನ್ನಿಸಿದರೆ ಬನ್ನಿ, ನಾನೇ ಹಾಸನದ ಬಸ್‌ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಬರುತ್ತೇನೆ. ಆದರೆ ಅರ್ಧ ಓದಿ ಎದ್ದರೆ ನನ್ನಾಣೆ.

ನಿಮ್ಮ ಕಾಗದ ಗುರುವಾರ ಬಂತು, ಹಾಸನಾಂಬೆಯ ಬಾಗಿಲು ತೆರೆದ ದಿನ. ಆಕ್ಲೆಂಡಿನಲ್ಲಿ ನಿಮಗೆ ಪಾಠ ಹೇಳುವ ಕೆಲಸ ಸಿಗಲೇ ಇಲ್ಲ, ಫೋನಿನಲ್ಲಿ ಲ್ಯಾಬಿನಲ್ಲಿದ್ದೇನೆ ಎಂದದ್ದೆಲ್ಲ ಸುಳ್ಳು, ಎಂಟು ತಿಂಗಳಿಂದ ತರಕಾರಿ ಗೋದಾಮಿನಲ್ಲಿ ಈರುಳ್ಳಿ ಚೀಲ ಕಟ್ಟುತ್ತಿದ್ದೇನೆ, ಡಿಸೆಂಬರಿಗೆ ಬಂದುಬಿಡುತ್ತೇನೆ ಎಂದು ಬರೆದಿದ್ದೀರಿ. ಫೆಬ್ರವರಿಯೊಳಗೆ ನಾನೂ ಅನ್ವಿತಾಳೂ ಅಲ್ಲಿ ಕಾಲಿಡದಿದ್ದರೆ ನಮ್ಮ ವೀಸಾ ಮುಗಿಯುತ್ತದೆ, ಮುಗಿದುಹೋಗಲಿ ಬಿಡು ಎಂದೂ ಬರೆದಿದ್ದೀರಿ. ಹನ್ನೆರಡು ವರ್ಷ ಫಿಸಿಕ್ಸ್ ಹೇಳಿದ ಬಾಯಿ ಅಲ್ಲಿ ಈರುಳ್ಳಿಯ ಮುಂದೆ ಮುಚ್ಚಿಕೊಂಡು ನಿಂತಿದೆ ಎಂದು ಓದಿ ಅಡುಗೆಮನೆಗೆ ಹೋಗಿ ಅತ್ತೆ. ಆಮೇಲೆ ಅಲ್ಲೇ ನಿಂತು ನಕ್ಕೆ. ನಕ್ಕದ್ದು ನಿಮ್ಮನ್ನು ನೋಡಿ ಅಲ್ಲ. ಆ ಎಂಟು ತಿಂಗಳೂ ನಾನು ನಿಮಗೆ ಸುಳ್ಳು ಹೇಳಿದ್ದೇನೆ, ನಿಮ್ಮದಕ್ಕಿಂತ ದೊಡ್ಡದು.

ನಾನು ಹೊಲಿಗೆ ಕ್ಲಾಸಿಗೆ ಹೋಗುತ್ತಿಲ್ಲ. ಒಂದು ದಿನವೂ ಹೋಗಿಲ್ಲ. ವಾರಕ್ಕೆ ನಾಲ್ಕು ದಿನ ಹಾಸನಕ್ಕೆ ಹೋಗಿ ಕಂಪ್ಯೂಟರ್ ಬಿಚ್ಚಿ ಜೋಡಿಸುವುದನ್ನು ಕಲಿಯುತ್ತಿದ್ದೇನೆ. ಭಾನುವಾರದ ಮೂರು ನಿಮಿಷದ ಫೋನಿನಲ್ಲಿ ನೀವು ಹೊಲಿಗೆ ಎಲ್ಲಿಗೆ ಬಂತು ಎಂದು ಕೇಳುವುದು, ನಾನು ಲ್ಯಾಬ್ ಹೇಗಿದೆ ಎಂದು ಕೇಳುವುದು, ಇಬ್ಬರೂ ಚೆನ್ನಾಗಿದೆ ಎನ್ನುವುದು. ಎಂಥ ಸಂಸಾರ ಮಾಡಿದೆವು ನೋಡಿ.

ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೊರಡುವ ದಿನ ನೀವು ಏನೆಂದಿರಿ, ನೆನಪಿದೆಯೆ? ಅಲ್ಲಿ ನೀನು ಕೆಲಸಕ್ಕೆ ಹೋಗುವ ಗತಿ ಬರದ ಹಾಗೆ ನೋಡಿಕೊಳ್ಳುತ್ತೇನೆ ಎಂದಿರಿ. ಪ್ರೀತಿಯಿಂದಲೇ ಎಂದಿರಿ. ನನಗೆ ಮಾತ್ರ ಸಿಟ್ಟು ಬಂದಿತ್ತು. ಗತಿಗೆಟ್ಟವರು ಮಾತ್ರ ಕೆಲಸ ಮಾಡುತ್ತಾರೇನು? ಹೊಸ ದೇಶಕ್ಕೆ ಹೋಗಿ ನಿಮ್ಮ ಬೆನ್ನ ಹಿಂದೆ ಮೂಟೆಯ ಹಾಗೆ ಇಳಿಯುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ.

ಹಾಸನದಲ್ಲಿ ಚನ್ನಪ್ಪ ಎಂಬವರ ರಿಪೇರಿ ಅಂಗಡಿ ಇದೆ. ದಂಡಿಗನಹಳ್ಳಿ ಕಡೆಯವರು, ಮೂವತ್ತು ವರ್ಷ ರೇಡಿಯೋ ಟಿವಿ ರಿಪೇರಿ ಮಾಡಿ ಈಗ ಕಂಪ್ಯೂಟರಿಗೆ ಇಳಿದಿದ್ದಾರೆ. ನಾನು ಮೊದಲ ದಿನ ಮೆಟ್ಟಿಲು ಹತ್ತಿದಾಗ ಮಿಕ್ಸಿ ಎಲ್ಲಮ್ಮ ಎಂದು ಕೇಳಿದರು. ಕಲಿಯೋಕೆ ಬಂದೆ ಎಂದೆ. ಸ್ವಲ್ಪ ಹೊತ್ತು ನನ್ನ ಬಳೆಗಳನ್ನು ನೋಡಿ, ಒಂದು ಹಳೇ ಕಂಪ್ಯೂಟರ್ ಡಬ್ಬವನ್ನು ಮುಂದಕ್ಕೆ ತಳ್ಳಿ, ಸ್ಕ್ರೂಡ್ರೈವರ್ ಕೈಗಿಟ್ಟರು.

"ಎದ್ರಬೇಡಿ ಕಣಮ್ಮ. ಬಿಚ್ಚೋದ್ನ ಯಾರ್ ಬೇಕಾದ್ರೂ ಬಿಚ್ತಾರೆ. ಒಂದ್ ಸ್ಕ್ರೂನೂ ಮಿಗ್ದಂಗೆ ಜೋಡುಸ್ಬೇಕು, ಅದೇ ಕಸುಬು."

ಅವತ್ತು ನನ್ನದು ನಾಲ್ಕು ಸ್ಕ್ರೂ ಮಿಕ್ಕಿತು. ಈಗ ಕಣ್ಣು ಮುಚ್ಚಿ ಜೋಡಿಸುತ್ತೇನೆ. ಚನ್ನಪ್ಪನವರ ಪಾಠವೆಲ್ಲ ಕಿವಿಯದು. ಸ್ವಿಚ್ ಹಾಕಿದಾಗ ಒಂದು ಚಿಕ್ಕ ಬೀಪ್ ಬಂದರೆ ಎಲ್ಲ ಸರಿ. ಉದ್ದುದ್ದಕ್ಕೆ ಕೂಗುತ್ತಲೇ ಇದ್ದರೆ ಮೆಮೊರಿ ಪಟ್ಟಿ ತನ್ನ ಸೀಳಿನಲ್ಲಿ ಸರಿಯಾಗಿ ಕೂತಿಲ್ಲ. ಆಗ ಪಟ್ಟಿ ಕಿತ್ತು, ಅದರ ಹೊಂಬಣ್ಣದ ಅಂಚನ್ನು ರಬ್ಬರಿನಲ್ಲಿ ಉಜ್ಜಿ, ಮತ್ತೆ ಕೂರಿಸಬೇಕು. ನಿಮ್ಮ ಮಗಳ ಜಾಮಿಟ್ರಿ ಬಾಕ್ಸಿನ ಎಷ್ಟು ರಬ್ಬರ್ ಹೀಗೆ ಸವೆದಿವೆಯೋ ಲೆಕ್ಕವಿಲ್ಲ. ತರಗತಿಯಲ್ಲಿ ಯಾರೋ ಕದಿಯುತ್ತಾರೆ ಎಂದು ಅವಳು ನಿಮ್ಮ ಹತ್ತಿರ ದೂರಿದ್ದಳಲ್ಲ, ಆ ಕಳ್ಳಿ ನಾನೇ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಜುಲೈ ಕೊನೆಯಲ್ಲಿ ಗೆಳತಿಯ ತಂಗಿಯ ಮದುವೆ ಎಂದು ಬೆಂಗಳೂರಿಗೆ ಹೋಗಿದ್ದೆ. ಅದು ಮದುವೆಯಲ್ಲ, ಪರೀಕ್ಷೆ. ಹೊರದೇಶದಲ್ಲೂ ನಡೆಯುವ ಸರ್ಟಿಫಿಕೇಟಿನದು. ಪಾಸಾದೆ. ಆಷಾಢದಲ್ಲಿ ಯಾರ ಮನೆಯಲ್ಲಿ ಮದುವೆ ಮಾಡುತ್ತಾರೆ ಎಂದು ನೀವೂ ಕೇಳಲಿಲ್ಲ, ನಿಮ್ಮ ಅಮ್ಮನೂ ಕೇಳಲಿಲ್ಲ. ನಿಮ್ಮದು ಗೋದಾಮಿನ ದಣಿವು ಇರಬೇಕು. ಅಮ್ಮನದು ಏನೆಂದು ಮುಂದೆ ಹೇಳುತ್ತೇನೆ.

ಆದರೆ ಸರ್ಟಿಫಿಕೇಟು ಬಂದಾಗಲೂ ನನಗೆ ಕಸುಬು ಬಂತು ಎಂದು ಧೈರ್ಯ ಬಂದಿರಲಿಲ್ಲ. ಬಂದದ್ದು ಆಯುಧಪೂಜೆ ಕಳೆದ ಮೇಲೆ. ಅರಕಲಗೂಡಿನ ನಂಜಯ್ಯ ಎಂಬವರು ಪ್ರೆಸ್ ಇಟ್ಟಿದ್ದಾರೆ, ಮದುವೆ ಪತ್ರಿಕೆ ಅಚ್ಚು ಮಾಡುತ್ತಾರೆ. ಅವರ ಒಂದೇ ಒಂದು ಕಂಪ್ಯೂಟರನ್ನು ಹಬ್ಬದ ಮುಂಚೆ ಧೂಳು ತೆಗೆಯಲು ಕೊಟ್ಟುಹೋಗಿದ್ದರು. ಹಬ್ಬದ ದಿನ ಅದರ ಮುಚ್ಚಳ ತೆಗೆದಿತ್ತು, ಮೆಮೊರಿ ಪಟ್ಟಿಯನ್ನೂ ಉಜ್ಜಲೆಂದು ಕಿತ್ತಿಟ್ಟಿತ್ತು. ಬಿಚ್ಚಿದ್ದೋ ಮುಚ್ಚಿದ್ದೋ, ಅಂಗಡಿಯ ಎಲ್ಲ ಯಂತ್ರಕ್ಕೂ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ಅಕ್ಷತೆ ಹಾಕಿ ಕೈಮುಗಿದೆವು. ಬೂದುಗುಂಬಳ ಒಡೆದು ಪುರಿ ತಿಂದು ಮನೆಗೆ ಬಂದೆವು.

ಬುಧವಾರ ಪಟ್ಟಿ ಕೂರಿಸಿ ಸ್ವಿಚ್ ಹಾಕಿದರೆ ಒಂದೇ ಸಮ ಉದ್ದಕ್ಕೆ ಕೂಗತೊಡಗಿತು. ಚನ್ನಪ್ಪನವರು ಬೇರೆ ಪಟ್ಟಿ ಹಾಕಿದರು, ಆಗಲೂ ಕೂಗಿತು. ಪಟ್ಟಿ ಕೂರುವ ಬೋರ್ಡು ಹಳೆಯದು, ಅದರ ಎರಡು ಸೀಳಿನಲ್ಲಿ ಒಂದು ಮೊದಲೇ ಕೆಟ್ಟಿತ್ತು. ಎರಡು ದಿನ ಒದ್ದಾಡಿ ಕೊನೆಗೆ ಬೋರ್ಡೇ ಹೋಗಿದೆ ಎಂದರು. ಹೊಸದು ಬೆಂಗಳೂರಿನಿಂದ ಬರಲು ವಾರ ಬೇಕು. ಶುಕ್ರವಾರ ನಂಜಯ್ಯ ಬಂದು ಅಂಗಡಿಯ ಮುಂದೆ ನಿಂತು ಕೂಗಾಡಿದರು. ಆರು ಮದುವೆಯ ಪತ್ರಿಕೆ ಒಪ್ಪಿಕೊಂಡಿದ್ದಾರೆ, ಹೆಣ್ಣಿನ ಕಡೆಯವರು ಬಾಗಿಲಲ್ಲೇ ಕೂತಿದ್ದಾರೆ, ನೆಟ್ಟಗಿದ್ದ ಯಂತ್ರವನ್ನು ಕೊಟ್ಟರೆ ಕೊಂದು ಕೊಡುತ್ತೀರಾ ಎಂದರು. ಚನ್ನಪ್ಪನವರು ತಲೆ ತಗ್ಗಿಸಿ ನಿಂತಿದ್ದರು. ಅವರನ್ನು ಹಾಗೆ ನಾನು ನೋಡಿರಲಿಲ್ಲ.

ನಾನು ಸುಮ್ಮನೆ ಯಂತ್ರವನ್ನು ನನ್ನ ಮೇಜಿಗೆ ಎಳೆದುಕೊಂಡೆ. ಬೋರ್ಡು ಸತ್ತಿದ್ದರೆ ಅದು ಕೂಗುವುದಾದರೂ ಹೇಗೆ ಎಂದು ನನಗೆ ಹಿಂದಿನ ದಿನದಿಂದ ಅನುಮಾನ. ಎಲ್ಲವನ್ನೂ ಕಿತ್ತು, ಸೀಳಿನೊಳಕ್ಕೆ ಟಾರ್ಚ್ ಬಿಟ್ಟು ನೋಡಿದೆ. ತಳದಲ್ಲಿ ಏನೋ ಹಳದಿ. ಹೊಲಿಗೆ ಕಲಿಯುವವಳೆಂದು ಅಮ್ಮ ಕೊಡಿಸಿದ್ದ ಸೂಜಿ ಡಬ್ಬಿ ಚೀಲದಲ್ಲಿತ್ತು. ಎಂಟು ತಿಂಗಳಲ್ಲಿ ಮೊದಲ ಸಲ ಸೂಜಿ ಹೊರಗೆ ತೆಗೆದೆ. ಮೆಲ್ಲಗೆ ಮೀಟಿದೆ. ಒಂದು ಅಕ್ಷತೆ ಕಾಳು ಎದ್ದು ಬಂತು.

ಪಟ್ಟಿ ಕೂರಿಸಿ ಸ್ವಿಚ್ ಹಾಕಿದೆ. ಒಂದು ಚಿಕ್ಕ ಬೀಪ್. ಅಷ್ಟು ಚಂದದ ಸದ್ದನ್ನು ನಾನು ಅನ್ವಿತಾ ಹುಟ್ಟಿ ಮೊದಲ ಸಲ ಅತ್ತಾಗ ಬಿಟ್ಟರೆ ಬೇರೆ ಕೇಳಿಲ್ಲ. ನಂಜಯ್ಯ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದರು. ಚನ್ನಪ್ಪನವರು ಮಾತ್ರ ಅವರಿಗೆ ಕೈಮುಗಿದರು. ಮುದಿ ಕೈ ಕಣಪ್ಪ, ಪೂಜೇಲಿ ಎಲ್ಲೋ ಜಾರಿಬಿಟ್ಟಿದೆ, ಮನಸ್ಸಿಗೆ ಹಚ್ಚಿಕೋಬೇಡ ಎಂದರು. ನಂಜಯ್ಯ ಹೋದ ಮೇಲೆ ನನ್ನ ಕಡೆ ತಿರುಗಿ ಹೇಳಿದ್ದು ಇಷ್ಟು:

"ನಾನ್ ಕೈ ಬುಟ್ಟಿದ್ನ ನೀವ್ ಎತ್ಕೊಂಡ್ರಿ. ಇನ್ ನೀವ್ ಯಾವ್ ದೇಸಕ್ ಓದ್ರೂ ಬದುಕ್ತೀರ ಕಣಮ್ಮ."

ಈಗ ಅಮ್ಮನ ವಿಷಯ. ಗುರುವಾರ ನಿಮ್ಮ ಕಾಗದ ಓದಿ ನಾನು ಅಳುವುದನ್ನೂ ನಗುವುದನ್ನೂ ಅವರು ಬಾಗಿಲಲ್ಲಿ ನಿಂತು ನೋಡಿದ್ದರು. ಮುಚ್ಚಿಡಲು ಆಗಲಿಲ್ಲ. ನಿಮ್ಮ ಗೋದಾಮು, ನನ್ನ ಅಂಗಡಿ ಎರಡನ್ನೂ ಹೇಳಿಬಿಟ್ಟೆ. ಈ ಎಂಟು ತಿಂಗಳಲ್ಲಿ ಅವರು ನನ್ನಿಂದ ಹನ್ನೊಂದು ರವಿಕೆ ಹೊಲಿಸಿಕೊಂಡಿದ್ದಾರೆ, ಅಕ್ಕಪಕ್ಕದವರ ಬಟ್ಟೆಯನ್ನೂ ತಂದು ಕೊಟ್ಟಿದ್ದಾರೆ. ಅವನ್ನೆಲ್ಲ ಹಾಸನದಲ್ಲಿ ಟೈಲರ್ ಮಾರಮ್ಮನ ಹತ್ತಿರ ಹೊಲಿಸಿ ನಾನೇ ಹೊಲಿದೆ ಎಂದು ಬೀಗಿದ್ದೆ. ಬಯ್ಯುತ್ತಾರೆ ಎಂದು ಕಾದೆ.

"ಮೊದಲನೇ ರವಿಕೇಲೇ ಗೊತ್ತಾಯ್ತು ಕಣೆ. ಕಾಜ ಅಷ್ಟು ನೀಟಾಗಿ ಬರೋಕೆ ಹತ್ತು ವರ್ಷ ಬೇಕು. ಏನೋ ಒಳ್ಳೇದೇ ಕಲೀತಿದಾಳೆ ಅಂದ್ಕೊಂಡೆ. ನೀನು ಹೋಗೋಕೆ ಒಂದು ನೆಪ ಬೇಕಲ್ಲ, ಅದಕ್ಕೇ ಬಟ್ಟೆ ಕೊಡ್ತಿದ್ದೆ."

ಕಾಲಿಗೆ ಬಿದ್ದೆ. ನಿಮ್ಮ ಬಗ್ಗೆ ಒಂದೇ ಮಾತು ಹೇಳಿದರು, ಈರುಳ್ಳಿ ಚೀಲ ಕಟ್ಟಿದರೆ ಕೈ ನಾರುತ್ತೆ, ಮರ್ಯಾದೆ ನಾರಲ್ಲ ಅಂತ ಅವನಿಗೆ ಬರಿ ಎಂದು. ಬರೆದಿದ್ದೇನೆ. ಜನವರಿಯಿಂದ ಅವರು ಚನ್ನರಾಯಪಟ್ಟಣದಲ್ಲಿ ಭಾವನವರ ಮನೆಯಲ್ಲಿರುತ್ತಾರಂತೆ, ಅಲ್ಲಿನ ಭಜನೆ ಗುಂಪಿಗೆ ಈಗಾಗಲೇ ಹೆಸರು ಕೊಟ್ಟಿದ್ದಾರೆ.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ಜೂನ್ ತಿಂಗಳ ಕಾಗದದಲ್ಲಿ ನೀವೇ ಬರೆದಿದ್ದಿರಿ, ನಿಮ್ಮ ಬೀದಿಯ ಕೊನೆಯ ಕಂಪ್ಯೂಟರ್ ರಿಪೇರಿ ಅಂಗಡಿಯ ಗಾಜಿಗೆ ಕೆಲಸಕ್ಕೆ ಜನ ಬೇಕು ಎಂದು ಚೀಟಿ ಅಂಟಿಸಿದ್ದಾರೆ, ಈ ಊರಿನಲ್ಲಿ ಎಂಥೆಂಥದಕ್ಕೋ ಕೆಲಸ ಇದೆ ಎಂದು. ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ! ಹೋಗಿ ಚೀಟಿ ಇನ್ನೂ ಇದೆಯೇ ನೋಡಿ. ಇದ್ದರೆ ನನ್ನ ಹೆಂಡತಿ ಜನವರಿಯಲ್ಲಿ ಬರುತ್ತಾಳೆ ಎಂದು ಹೇಳಿ. ಇಲ್ಲದಿದ್ದರೆ ಪಕ್ಕದ ಬೀದಿ ನೋಡಿ. ಕೆಲಸ ಕೂಡಲೇ ಸಿಗದೇ ಹೋಗಬಹುದು, ಅದು ನನಗೂ ಗೊತ್ತು. ಸಿಗುವವರೆಗೆ ನಿಮ್ಮ ಪಕ್ಕದಲ್ಲಿ ನಿಂತು ನಾನೂ ಈರುಳ್ಳಿ ಚೀಲ ಕಟ್ಟುತ್ತೇನೆ. ಸಂಜೆ ನಿಮಗೆ ಪಾಠ. ಕರೆಂಟು ಹೇಗೆ ಹರಿಯುತ್ತದೆ ಎಂದು ನಿಮಗೆ ಗೊತ್ತು, ಅದು ಎಲ್ಲಿ ನಿಂತಿದೆ ಎಂದು ನನಗೆ ಗೊತ್ತು. ಇಬ್ಬರೂ ಸೇರಿದರೆ ಒಂದು ಅಂಗಡಿಯಾಗುವುದಿಲ್ಲವೆ?

ಭಾನುವಾರ ಫೋನ್ ಮಾಡಿ. ಈ ಸಲ ನಿಜ ಮಾತಾಡೋಣ.

ಸ್ಕ್ರೂ ಒಂದೂ ಮಿಗದಂತೆ ಜೋಡಿಸಬಲ್ಲ, ನಿಮ್ಮವಳೇ ಆದ
ಸರಸ

ತಾ.ಕ.: ಆ ಅಕ್ಷತೆ ಚನ್ನಪ್ಪನವರ ಕೈಯಿಂದ ಬಿದ್ದದ್ದಲ್ಲ. ಅವರು ಹಾಕಿ ಮುಗಿಸಿದ ಮೇಲೆ ನಾನು ಕಣ್ಣು ಮುಚ್ಚಿ ಇನ್ನೊಂದು ಹಿಡಿ ಹಾಕಿದೆ, ಲ್ಯಾಬಿನಲ್ಲಿ ನಿಮಗೆ ಒಳ್ಳೆಯದಾಗಲಿ ಎಂದು. ಅವರು ತಲೆ ತಗ್ಗಿಸಿ ತಪ್ಪು ಹೊತ್ತಾಗ ನಾನು ಬಾಯಿ ಬಿಡಲಿಲ್ಲ. ನಿಮ್ಮ ಕಾಗದ ಓದಿದ ಮಾರನೆಯ ದಿನ ಹೋಗಿ ಒಪ್ಪಿಕೊಂಡು ಬಂದೆ, ಅಷ್ಟು ದೂರದಿಂದ ನೀವು ಒಪ್ಪಿಕೊಂಡಿರಲ್ಲ, ಅದರ ಧೈರ್ಯದಿಂದ. ಕಾಳನ್ನು ಈ ಕಾಗದಕ್ಕೆ ಅಂಟಿಸಬೇಕು ಎಂದಿದ್ದೆ, ಆ ದೇಶದವರು ಹೊರಗಿನ ಒಂದು ಕಾಳನ್ನೂ ಒಳಗೆ ಬಿಡುವುದಿಲ್ಲ ಎಂದು ನೀವು ಬರೆದದ್ದು ನೆನಪಾಗಿ ಬಿಟ್ಟೆ. ಅದು ಇಲ್ಲೇ ಇರಲಿ. ನನ್ನದೂ ಅನ್ವಿತಾಳದೂ ಟಿಕೆಟ್ ನಿನ್ನೆ ಆಯಿತು, ಜನವರಿ ಹದಿನೇಳು.