ಮಂಚದ ಕೆಳಗೆ ಇರದಿದ್ದ ಸ್ವೆಟರ್

ಜನವರಿ ೧೯, ಭಾನುವಾರ ಮಧ್ಯಾಹ್ನ

ನನ್ನವಳಿಗೆ,

ನೀನು ಚೆನ್ನಾಗಿದ್ದೀಯ ಎಂದುಕೊಂಡೇ ಶುರು ಮಾಡುತ್ತೇನೆ. ದಿನಾ ಫೋನಿನಲ್ಲಿ ಮಾತಾಡುವ ಗಂಡ ಇದ್ದಕ್ಕಿದ್ದಂತೆ ಕಾಗದ ಬರೆದಿದ್ದಾನಲ್ಲ ಎಂದು ಗಾಬರಿಯಾಗಬೇಡ. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನಿನ್ನ ನರ್ಸಿಂಗ್ ತರಬೇತಿ ಮುಗಿಯುವ ತನಕ ಮನೆಯ ಯೋಚನೆ ಬೇಡ ಎಂದು ಎದೆ ತಟ್ಟಿ ಕಳಿಸಿದವನು ನಾನೇ. ಅದಕ್ಕೇ ನೀನು "ಎಲ್ಲಾ ಸರಿ ಇದೆಯಾ?" ಎಂದಾಗಲೆಲ್ಲ "ಹೂಂ" ಎಂದುಬಿಡುತ್ತಿದ್ದೆ. ಸರಿ ಇರಲಿಲ್ಲ. ಬಹಳ ಮೊದಲೇ ಬರೆಯಬೇಕಿತ್ತು, ಕ್ಷಮಿಸು. ಫೋನಿನಲ್ಲಿ ಹೇಳೋಣವೆಂದರೆ ಮಗಳು ಚಿನಕುರಳಿ ಪಕ್ಕದಲ್ಲೇ ಇರುತ್ತಾಳೆ. ಅವಳಿಲ್ಲದಿದ್ದಾಗ ನನಗೆ ಬಾಯಿ ಬರುವುದಿಲ್ಲ.

ನಮ್ಮ ಮಗಳ ಮರೆವು ನಿನಗೆ ಹೊಸದಲ್ಲ. ನೀನು ಹೋದ ಮೇಲೆ ಅದು ಮಿತಿಮೀರಿತು. ಒಂದು ಸಂಜೆ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ ಹಾಕಿಕೊಂಡು ಬಂದಳು. ಚಪ್ಪಲಿ ಯಾರದೆಂದು ಅವಳಿಗೂ ಗೊತ್ತಿಲ್ಲ. ಬಸ್ ಡಿಪೋದಲ್ಲಿ ಇಷ್ಟು ವರ್ಷ ಸ್ಪ್ಯಾನರು, ಇಕ್ಕಳ ಕಾದವನಿಗೆ ಒಂದು ಮಗುವಿನ ಸಾಮಾನು ಕಾಯುವುದೇನು ಮಹಾ ಎಂಬ ಜಂಬ ನನಗೆ. ನಮ್ಮ ಡಿಪೋದಲ್ಲಿ ಹಲಗೆಯ ಮೇಲೆ ಪ್ರತಿ ಸಾಮಾನಿನ ಆಕಾರವನ್ನೂ ಬಣ್ಣದಲ್ಲಿ ಬರೆದಿರುತ್ತಾರೆ. ಜಾಗ ಖಾಲಿ ಕಂಡರೆ ಏನು ವಾಪಸು ಬಂದಿಲ್ಲವೆಂದು ನೋಡಿದ ಕೂಡಲೇ ತಿಳಿಯುತ್ತದೆ. ಬಾಗಿಲ ಪಕ್ಕದ ಗೋಡೆಗೆ ಹಾಗೇ ಬರೆದೆ: ಚೀಲ, ನೀರಿನ ಬಾಟಲಿ, ಟೋಪಿ, ಛತ್ರಿ, ಕೆಳಗೆ ಎರಡು ಬೂಟು. ಅವಳಿಗೆ ಖುಷಿಯೋ ಖುಷಿ. ಜಾಗ ಖಾಲಿ ಕಂಡರೆ "ಅಪ್ಪಾ, ಗೋಡೆಗೆ ಹಲ್ಲು ಬಿದ್ದಿದೆ!" ಎಂದು ಕೂಗಿ, ಬಾಟಲಿ ಹುಡುಕಿ ತಂದು ನೇತುಹಾಕುತ್ತಿದ್ದಳು. ಆ ಉತ್ಸಾಹದಲ್ಲಿ ಡಿಪೋದಲ್ಲಿರುವಂಥ ತಗಡಿನ ಬಿಲ್ಲೆಗಳನ್ನೂ ತಂದೆ. ಸಾಮಾನು ತೆಗೆದರೆ ಅದರ ಮೊಳೆಗೊಂದು ಬಿಲ್ಲೆ ಸಿಕ್ಕಿಸಬೇಕು. ವಾರದೊಳಗೆ ಬಿಲ್ಲೆಗಳೇ ಕಳೆದುಹೋದವು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಆದರೆ ಗೋಡೆ ಶಾಲೆಗೆ ಹೋಗುವುದಿಲ್ಲವಲ್ಲ. ಹೊರಡುವ ಮುಂಚೆ ನೀನು ಕೊಡಿಸಿದ ಹಸಿರು ಸ್ವೆಟರನ್ನು ಅವಳು ಆಟದ ಮೈದಾನದಲ್ಲೇ ಬಿಟ್ಟು ಬಂದಳು. ಆ ಸಂಜೆ ನಾನು ಶಾಲೆಯ ಮುಂದೆ ಹಾದುಬರುವಾಗ ಗೇಟಿನವನು ಕರೆದು ಕೈಗೆ ಕೊಟ್ಟ. ಕಾಲರಿನ ಒಳಗೆ ನೀನು ಕೆಂಪು ದಾರದಲ್ಲಿ ಹಾಕಿದ ಗುರುತು ಇತ್ತು. ಅವನಿಗೆ ಥ್ಯಾಂಕ್ಸ್ ಹೇಳಿ, ಮನೆಗೆ ಬಂದು ಅವಳ ಕೈಗಿಡಬೇಕಿತ್ತು. ಇಡಲಿಲ್ಲ. ಒಂದು ಸಲ ಬಿಸಿ ಮುಟ್ಟಿದರೆ ಸರಿಹೋಗುತ್ತಾಳೆ ಎಂದುಕೊಂಡು ಡಿಪೋಗೇ ಹಿಂತಿರುಗಿ, ವರ್ಕ್‌ಶಾಪಿನ ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿ ಮನೆಗೆ ಬಂದೆ. "ಸ್ವೆಟರ್ ಎಲ್ಲಿ?" ಎಂದು ಏನೂ ತಿಳಿಯದವನಂತೆ ಕೇಳಿದೆ. ಅವಳು ಮನೆಯನ್ನೆಲ್ಲ ಜಾಲಾಡಿದಳು. ಮಂಚದ ಕೆಳಗೆ ಹೊಟ್ಟೆಯ ಮೇಲೆ ತೆವಳಿ ಹೋಗಿ, ತಲೆಗೆಲ್ಲ ಧೂಳು ಮೆತ್ತಿಕೊಂಡು ಹೊರಬಂದಳು. ನಾನು ನೋಡುತ್ತ ಕುಳಿತಿದ್ದೆ. ಹೌದು, ಕುಳಿತಿದ್ದೆ.

ಮಾರನೇ ದಿನ ಅವಳು ಸ್ವೆಟರ್ ಕಳೆದಿದೆ ಎಂದು ಟೀಚರಿಗೆ ಹೇಳಿದ್ದಾಳೆ. ಒಂದೇ ಬೆಂಚಿನಲ್ಲಿ ಪಕ್ಕ ಕೂರುತ್ತಿದ್ದ ಎರಡು ಜಡೆಯ ಹುಡುಗಿ, ಇವಳ ಜೀವದ ಗೆಳತಿ, ಗೊತ್ತಲ್ಲ? ಅವಳು ಅದೇ ದಿನ ಹೊಸ ಸ್ವೆಟರ್ ಹಾಕಿಕೊಂಡು ಬಂದಿದ್ದಳಂತೆ. ಅದೇ ಅಂಗಡಿಯದು, ಅದೇ ಹಸಿರು. ಟೀಚರ್ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ, ಕಾಲರು ಮಗುಚಿ ನೋಡಿದರಂತೆ. ಗುರುತು ಇಲ್ಲ. "ದಾರ ಕಿತ್ತಿರಬಹುದು ಮಿಸ್" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಚೀಲವನ್ನೂ ಸುರಿದು ನೋಡಿದರು. ಇದೆಲ್ಲ ನನಗೆ ತಿಳಿದದ್ದು, ಸಂಜೆ ಶಾಲೆಗೆ ಬರಹೇಳಿದಾಗ.

ಸ್ವೆಟರ್ ಆಗ ನನ್ನ ಕೈಚೀಲದಲ್ಲೇ ಇತ್ತು. ಅವತ್ತೇ ಕೊಟ್ಟುಬಿಡೋಣವೆಂದು ಕಪಾಟಿನಿಂದ ತೆಗೆದಿದ್ದೆ. ಒಳಗೆ ಹೋದರೆ ಆ ಹುಡುಗಿ ಅತ್ತು ಅತ್ತು ಬಿಕ್ಕುತ್ತಿದ್ದಾಳೆ. ಅವಳ ಅಮ್ಮ ಅವಳ ಕಾಲರನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಾರೆ. ನಮ್ಮವಳು ಗೋಡೆಗೆ ಒರಗಿ ನಿಂತಿದ್ದಾಳೆ. ನಾನು ನಿಜ ಹೇಳಲೆಂದೇ ಬಾಯಿ ತೆರೆದೆ.

"ಸಿಕ್ತು ಟೀಚರ್. ಮನೇಲೇ ಇತ್ತು, ಮಂಚದ ಕೆಳಗೆ. ಇವಳಿಗೆ ಮರೆವು ಜಾಸ್ತಿ."

ಎಲ್ಲರೂ ನಮ್ಮ ಮಗುವನ್ನೇ ನೋಡಿದರು. ಅವಳು ನನ್ನನ್ನು ನೋಡಿದಳು. ಆಮೇಲೆ ಗೆಳತಿಯ ಹತ್ತಿರ ಹೋಗಿ "ಸಾರಿ ಕಣೆ" ಎಂದಳು. ಆ ಹುಡುಗಿ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆಮೇಲಿನ ದಿನಗಳಲ್ಲಿ ಚಿನಕುರಳಿ ಸದ್ದೇ ಇಲ್ಲದ ಮಗುವಾದಳು. ಪೆನ್ಸಿಲ್ಲು, ರಬ್ಬರು, ಬಾಟಲಿ ಎಲ್ಲಕ್ಕೂ ದಾರ ಕಟ್ಟಿ ಸೊಂಟಕ್ಕೆ ಬಿಗಿದುಕೊಂಡು ಶಾಲೆಗೆ ಹೊರಟಳು. ನಾನು ಬಿಚ್ಚಹೋದರೆ ಬಿಡಲಿಲ್ಲ. ಒಂದು ಬೆಳಿಗ್ಗೆ ತಲೆ ಬಾಚುತ್ತಿದ್ದಾಗ ಕೇಳಿದಳು: "ಅಪ್ಪ, ನಾನು ಮಂಚದ ಕೆಳಗೆ ನೋಡಿದ್ದೆ. ನೋಡಿದ ಹಾಗೆ ನೆನಪಿದೆ. ಅದೂ ಸುಳ್ಳು ನೆನಪಾ?"

ಬಾಚಣಿಗೆ ಪಕ್ಕಕ್ಕಿಟ್ಟೆ. ನೆಲದ ಮೇಲೆ ಅವಳೆದುರು ಕುಳಿತು ಎಲ್ಲಾ ಹೇಳಿದೆ. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ.

"ಹಾಗಾದ್ರೆ ನಾನು ನೋಡಿದ್ದು ನಿಜಾನಾ?"

"ನಿಜ ಕಣಮ್ಮ. ಅಲ್ಲಿ ಸ್ವೆಟರ್ ಇರಲೇ ಇಲ್ಲ."

ಉಸಿರು ಬಿಟ್ಟಳು. ಆಮೇಲೆ, "ಅವಳಿಗೆ ಹೇಳಿದ್ಯಾ?" ಎಂದಳು.

ಆ ಸಂಜೆಯೇ ಗೆಳತಿಯ ಮನೆಗೆ ಹೋದೆವು. ಅವಳ ಅಮ್ಮ ಬಾಗಿಲಲ್ಲೇ ನಿಂತು ನನ್ನ ಮಾತೆಲ್ಲ ಕೇಳಿಸಿಕೊಂಡರು. "ನಿಮ್ಮ ಮಗಳಿಗೆ ಪಾಠ ಕಲಿಸೋಕೆ ನನ್ನ ಮಗಳೇ ಬೇಕಿತ್ತಾ?" ಎಂದರು. ನಾನು ಕೈಮುಗಿದೆ. "ಇಲ್ಲಿ ಬಂದು ಕೈಮುಗಿದರೆ ಏನು ಬಂತು? ಅವಳನ್ನ ನಿಲ್ಲಿಸಿದ ಕಡೆ ಹೇಳಿ" ಎಂದು ಬಾಗಿಲು ಹಾಕಿಕೊಂಡರು.

ಹೇಳಿದೆ. ಮಾರನೇ ದಿನ ಶಾಲೆಯಲ್ಲಿ ವಿಷಯ ಕೇಳಿ ಟೀಚರ ಮುಖವೂ ಸಣ್ಣದಾಯಿತು. ಅವರೇ ನನ್ನನ್ನು ತರಗತಿಯೊಳಗೆ ಕರೆದುಕೊಂಡು ಹೋದರು. ಕರಿಹಲಗೆಯ ಮುಂದೆ ನಿಂತು, ಸ್ವೆಟರ್ ಬಚ್ಚಿಟ್ಟವನು ನಾನು, ಸುಳ್ಳು ಹೇಳಿದವನೂ ನಾನೇ, ಇವರಿಬ್ಬರದೂ ಏನೂ ತಪ್ಪಿಲ್ಲ ಎಂದೆ. ಮಕ್ಕಳು ನಗಲಿಲ್ಲ. ನಕ್ಕಿದ್ದರೇ ಹಗುರವಾಗುತ್ತಿತ್ತೇನೋ. ಗೆಳತಿ ಈಗ ಮಾತಾಡುತ್ತಾಳಂತೆ, ಆದರೆ ಬೇರೆ ಬೆಂಚಿನಲ್ಲಿ ಕೂರುತ್ತಾಳೆ.

ಈಗ ಶಾಲೆ ಬಿಡುವ ಹೊತ್ತಿಗೆ ಕೆಲಸದಿಂದ ಸ್ವಲ್ಪ ಬಿಡುವು ಕೇಳಿಕೊಂಡು ನಾನೇ ಗೇಟಿಗೆ ಹೋಗುತ್ತೇನೆ. "ಬೆನ್ನ ಮೇಲೆ ಏನು? ಕೈಯಲ್ಲಿ ಏನು? ಮೈಮೇಲೆ ಏನು?" ಎನ್ನುತ್ತೇನೆ. ಅವಳು ಮುಟ್ಟಿ ಮುಟ್ಟಿ ಹೇಳುತ್ತಾಳೆ. ಏನಾದರೂ ಇಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಒಳಗೆ ಹೋಗಿ ಹುಡುಕುತ್ತೇವೆ. ಮೊನ್ನೆ ಛತ್ರಿ ಮಾತ್ರ ಸಿಗಲೇ ಇಲ್ಲ. ಹೋಗಲಿ ಬಿಡು. ಸೊಂಟದ ದಾರಗಳನ್ನು ಅವಳೇ ಒಂದೊಂದಾಗಿ ಬಿಚ್ಚುತ್ತಿದ್ದಾಳೆ.

ಎಲ್ಲಾ ಹೇಳಿದ್ದೇನೆ. ಸಿಟ್ಟು ಬಂದರೆ ಫೋನು ಮಾಡಿ ಬೈಯಿ, ಅವಳು ನಿದ್ದೆ ಹೋದ ಮೇಲೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗುಣದಿಂದ ನೂರು ಜನ ಎದ್ದು ಓಡಾಡುವಂತಾಗಲಿ.

ಇಂತು,
ನಿನ್ನವನು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನೆ ಅವಳ ಬಣ್ಣದ ಪೆಟ್ಟಿಗೆ ಕಾಣಲಿಲ್ಲ. ಎಲ್ಲಾ ಕಡೆ ಹುಡುಕಿ ನನ್ನ ಹತ್ತಿರ ಬಂದಳು. "ಅಪ್ಪ, ಬೇಜಾರು ಮಾಡ್ಕೋಬೇಡ... ನೀನೇನಾದ್ರೂ ಇಟ್ಕೊಂಡಿದ್ದೀಯಾ?" ಎಂದು ಮೆಲ್ಲಗೆ ಕೇಳಿದಳು. ಇಲ್ಲ ಎಂದೆ. ತಲೆಯಾಡಿಸಿದಳು. ನಾನು ಸ್ನಾನ ಮುಗಿಸಿ ಬರುವಾಗ ನೋಡಿದೆ: ಕುರ್ಚಿಯ ಮೇಲೆ ಹತ್ತಿ, ಗೂಟಕ್ಕೆ ನೇತುಹಾಕಿದ್ದ ನನ್ನ ಕೋಟಿನ ಜೇಬುಗಳನ್ನು ಸದ್ದಾಗದಂತೆ ಒಂದೊಂದಾಗಿ ತಡಕುತ್ತಿದ್ದಳು. ನಾನು ಬಚ್ಚಲಿಗೇ ಹಿಂತಿರುಗಿ, ಅವಳು ನೋಡಿ ಮುಗಿಸುವ ತನಕ ಮತ್ತೆ ನೀರು ಬಿಟ್ಟುಕೊಂಡು ನಿಂತಿದ್ದೆ.