ಪ್ರವೇಶೋತ್ಸವದ ದಿನ ತಾವು ಬಾಗಿದ್ದೇಕೆ?

ಮಾನ್ಯ ಶಿಕ್ಷಣಾಧಿಕಾರಿಗಳೇ,

ಒಂದನೇ ತರಗತಿಗೆ ಹೊಸದಾಗಿ ಸೇರುವ ಪುಟಾಣಿಗಳನ್ನು ಎರಡನೇ ತರಗತಿಯ ಮಕ್ಕಳು ವಾದ್ಯ ನುಡಿಸಿ ಸ್ವಾಗತಿಸುವುದು ಇನ್ನು ಮುಂದೆ ಬೇಡ, ಧ್ವನಿಮುದ್ರಿತ ಸಂಗೀತ ಹಾಕಿದರೆ ಸಾಕು ಎಂದು ತಮ್ಮ ಆದೇಶ ಬಂದಿದೆ. ಕಾರಣ, ಈ ಏಪ್ರಿಲ್‌ನ ಪ್ರವೇಶೋತ್ಸವದಲ್ಲಿ "ಕಾರ್ಯಕ್ರಮದಲ್ಲಿ ಇಲ್ಲದ ನಮನಗಳು ಸಂಭವಿಸಿದವು." ಸಂಭವಿಸಿದವಂತೆ! ಭೂಕಂಪ ಸಂಭವಿಸಿದ ಹಾಗೆ. ಅದಕ್ಕೆ ಸಂಗೀತ ಶಿಕ್ಷಕಿಯಾದ ನಾನು ವಿವರಣೆ ಕೊಡಬೇಕಂತೆ. ಕೊಡುತ್ತೇನೆ. ಬಾಗಿದ್ದು ಊರಿಗೆ ಊರೇ, ಆದ್ದರಿಂದ ಊರೇ ಓದಲಿ.

ಮಾರ್ಚ್ ಕೊನೆಯಲ್ಲಿ ನಾನು ಹಳೆಯ ಶಾಲೆಯಲ್ಲಿ ಮಕ್ಕಳು ಊದುತ್ತ ಮನೆ ಒತ್ತಿ ನುಡಿಸುವ ಮೆಲೋಡಿಕಾಗಳ ಊದುಗೊಳವೆ ತೊಳೆದು, ಶಾವಿಗೆಯ ಹಾಗೆ ಕಿಟಕಿಗೆ ಒಣಹಾಕುತ್ತಿದ್ದೆ. ಆಗ ವರ್ಗಾವಣೆಯ ಸುದ್ದಿ ಬಂತು. ನಾನು ಹೊಳೆಯಾಚೆಯ ಶಾಲೆಗೆ, ಅಲ್ಲಿನ ಸಂಗೀತದ ಮೇಷ್ಟ್ರು ಇಸೊಗಾಯ್ ನನ್ನ ಜಾಗಕ್ಕೆ. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಎರಡು ಮನೆಯ ಅಡುಗೆಯವರನ್ನು ಅದಲುಬದಲು ಮಾಡಿದಂತಾಯಿತು. ಉಪ್ಪು ಹಾಕಿದ್ದೀರಾ ಎಂದು ಕೇಳುವಷ್ಟೂ ಪುರುಸೊತ್ತಿಲ್ಲ. ಏಪ್ರಿಲ್‌ನಲ್ಲಿ ಶುರುವಾಗುವ ಹೊಸ ಶಾಲಾ ವರ್ಷದ ಸಿದ್ಧತೆಗೆಂದು ತಮ್ಮ ಕಚೇರಿ ಸಂಗೀತ ಶಿಕ್ಷಕರಿಗೆ ಕಳುಹಿಸಿದ ಕೈಪಿಡಿಯನ್ನು ತಿರುವಿ ಹಾಕಿದೆ. ಮೊದಲ ದಿನ ಶಿಕ್ಷಕರ ನಗುಮುಖ ಹೇಗಿರಬೇಕು ಎಂಬುದಕ್ಕೆ ಚಿತ್ರ ಸಮೇತ ಒಂದು ಅಧ್ಯಾಯವೇ ಇದೆ. ಹೋಗುವವರೂ ಬರುವವರೂ ಒಮ್ಮೆ ಕೂತು ಮಾತಾಡಲಿ ಎಂಬ ಒಂದು ಸಾಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

ನಮ್ಮ ಶಾಲೆಗಳಲ್ಲಿ ಸಂಗೀತದ ತರಗತಿ ಶುರುವಾಗುವುದು ಹೇಗೆಂದು ತಮಗೆ ನೆನಪಿರಬೇಕು. ಪಿಯಾನೋ "ಜಾಂ" ಅಂದರೆ ನೆಟ್ಟಗೆ ನಿಲ್ಲಬೇಕು, "ಜೂಂ" ಅಂದರೆ ಬಾಗಬೇಕು, ಮತ್ತೆ "ಜಾಂ" ಅಂದರೆ ತಲೆ ಎತ್ತಬೇಕು. ನನ್ನ ಹಳೆಯ ಶಾಲೆಯ ಪಿಯಾನೋಗೆ ಮಾತ್ರ ಸದಾ ನೆಗಡಿ, ಹಾಗಾಗಿ ಅಲ್ಲಿನ ಮಕ್ಕಳು ಮರದ ತಾಳದ ಸದ್ದಿಗೆ ಬಾಗುತ್ತಿದ್ದರು, ನುಡಿಸಲು ಶುರು ಮಾಡುತ್ತಿದ್ದದ್ದೂ ಅದಕ್ಕೇ. ಆ ಧೈರ್ಯದಲ್ಲಿ ನಾನು ಸ್ವಾಗತಗೀತೆಗೆ ಕಟ್ಟಿದ್ದ ಪೀಠಿಕೆ ಹೀಗಿತ್ತು: ಜಾಂ, ಜೂಂ, ಜಾಂ. ಅದೂ ಮೂರು ಸಲ! ಹೊಸ ಶಾಲೆಯಲ್ಲಿ ಮೊದಲೇ ಪಿಯಾನೋ ಜೊತೆ ಅಭ್ಯಾಸ ಮಾಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಸಭಾಂಗಣದಲ್ಲಿ ದಾರ ಹಿಡಿದು ಕುರ್ಚಿಗಳ ಸಾಲು ನೇರ ಮಾಡುತ್ತಿದ್ದರು, ಪಿಯಾನೋ ಹತ್ತಿರ ಸುಳಿಯುವಂತಿರಲಿಲ್ಲ. ಮಕ್ಕಳನ್ನು ಮೊಗಸಾಲೆಯಲ್ಲಿ ನಿಲ್ಲಿಸಿ ಚಪ್ಪಾಳೆ ತಟ್ಟಿ ಅಭ್ಯಾಸ ಮಾಡಿಸಿದೆ.

ಮುಂದಿನದನ್ನು ತಾವೇ ಕಂಡಿದ್ದೀರಿ. ನಾನು "ಜೂಂ" ಬಾರಿಸಿದೆ. ಮಕ್ಕಳು ಕೊಳವೆ ಬಾಯಲ್ಲಿಟ್ಟುಕೊಂಡೇ ಬಾಗಿದರು, ಬಾಗಿದ ರಭಸಕ್ಕೆ ಮೆಲೋಡಿಕಾಗಳೆಲ್ಲ ಕೋಣನ ಹಾಗೆ ಕೂಗಿದವು. ಮಕ್ಕಳನ್ನು ನೋಡಿ ಅಪ್ಪ ಅಮ್ಮಂದಿರು ಎದ್ದು ಬಾಗಿದರು, ಮುಖ್ಯೋಪಾಧ್ಯಾಯರು ಬಾಗಿದರು. ಹೊಸ ಪುಟಾಣಿಗಳು ಏನೂ ತಿಳಿಯದೆ ಬಾಗಿ, ಒಂದೆರಡು ಕುರ್ಚಿಯಿಂದ ಜಾರಿ ಬಿದ್ದವು. ತಕ್ಷಣ ನಿಲ್ಲಿಸಬಹುದಿತ್ತಲ್ಲ ಎಂದು ಕೇಳಿದ್ದೀರಿ. ನಿಲ್ಲಿಸುವುದು ಎಲ್ಲಿ ಸ್ವಾಮಿ? "ಜೂಂ" ಬಾರಿಸಿ ನಿಲ್ಲಿಸಿದರೆ ಊರೆಲ್ಲ ಬಾಗಿಕೊಂಡೇ ಇರಬೇಕು!

ಮೂರನೇ ನಮನವೂ ಮುಗಿದಾಗ ಮುಂದಿನ ಸಾಲಿನ ಕೊಯುಕಿ ಎಂಬ ಹುಡುಗಿ ಬಾಯಿಂದ ಕೊಳವೆ ತೆಗೆದು ಗಟ್ಟಿಯಾಗಿ ಕೇಳಿದಳು:

"ಟೀಚರ್, ಇನ್ನೂ ಎಷ್ಟು ಸಲ ಬಗ್ಗಬೇಕು? ನುಡಿಸೋದು ಯಾವಾಗ?"

ಸಭಾಂಗಣ ನಕ್ಕಿತು. ಅಮ್ಮನ ಕಿಮೋನೋ ಬಿಡಲಾರದೆ ಬಾಗಿಲಲ್ಲಿ ಅತ್ತಿದ್ದ ಒಂದನೇ ತರಗತಿಯ ಮಗು ಎಲ್ಲರಿಗಿಂತ ಜೋರಾಗಿ ನಕ್ಕಿತು. ಆಮೇಲೆ ಮಕ್ಕಳು ನುಡಿಸಿದರು. ಅಲ್ಲಲ್ಲಿ ತಪ್ಪಿತು, ನಿಜ. ಆದರೆ ಒಂದು ಮಗುವೂ ಅಳಲಿಲ್ಲ.

ಸಂಜೆ ಇಸೊಗಾಯ್ ಮೇಷ್ಟ್ರಿಗೆ ಫೋನ್ ಮಾಡಿದೆ.

"ಅಯ್ಯೋ ತಕೆಮುರಾ ಟೀಚರ್, ಜಾಂ ಜೂಂ ಬಾರಿಸ್ಬಿಟ್ರಾ? ಆ ಮಕ್ಕಳು ಕನಸಲ್ಲಿ ಕೇಳಿದ್ರೂ ಬಗ್ತಾವೆ ಕಣ್ರೀ!"

"ನಗಬೇಡಿ ಮೇಷ್ಟ್ರೇ. ನಿಮ್ಮದು ಹೇಗಾಯ್ತು?"

"ನನ್ನ ಕತೆ ಕೇಳಲೇಬೇಡಿ. ನಾನು ಬಾರಿಸ್ತಾನೇ ಇದೀನಿ, ಒಂದು ನರಪಿಳ್ಳೆನೂ ಊದ್ಲಿಲ್ಲ. ನಿಮ್ಮ ಮಕ್ಕಳು ಮರದ ತಾಳಕ್ಕೆ ಕಾಯ್ತಾ ಇದ್ವಂತೆ. ಮೊದಲೇ ಹೇಳೋದಲ್ವೇನ್ರೀ?"

ಹೇಳಲು ಎಲ್ಲಿ ಬಿಟ್ಟಿರಿ, ಮಾನ್ಯರೇ? ತಪ್ಪಾದದ್ದು ಇಲ್ಲಿ. ಅದಕ್ಕೆ ತಾವು ಕಂಡುಹಿಡಿದ ಮದ್ದು, ಮಕ್ಕಳ ಕೈಯಿಂದ ವಾದ್ಯ ಕಿತ್ತುಕೊಳ್ಳುವುದು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡರಂತೆ. ಆದೇಶದ ಸುದ್ದಿ ಕೇಳಿ ಕೊಯುಕಿ ನನ್ನ ಹತ್ತಿರ ಬಂದಳು. "ಹೋದ್ವರ್ಷ ನಾನು ಆ ಕುರ್ಚೀಲಿ ಕೂತು ಅತ್ತಿದ್ದೆ ಟೀಚರ್. ಅಕ್ಕಂದಿರು ನುಡಿಸಿದ್ಮೇಲೆ ಸುಮ್ಮನಾದೆ. ಈ ಸಲ ನಾನೇ ಅಕ್ಕ ಆಗಿದ್ದೆ. ಮುಂದಿನ ವರ್ಷದವರು ಅಕ್ಕ ಆಗೋದು ಬೇಡ್ವಾ?" ಇದಕ್ಕೆ ಉತ್ತರ ತಮ್ಮ ಕೈಪಿಡಿಯಲ್ಲಿದ್ದರೆ ದಯವಿಟ್ಟು ಪುಟ ತಿಳಿಸಿ.

ಇನ್ನು ತಮ್ಮ ವಿಚಾರ. ಪಿಯಾನೋ ಹಿಂದಿನಿಂದ ನಾನು ನೋಡುತ್ತಿದ್ದೆ. ಮೂರು ಸಲವೂ ಎಲ್ಲರಿಗಿಂತ ಆಳವಾಗಿ, ಅಚ್ಚುಕಟ್ಟಾಗಿ ಬಾಗಿದವರು ತಾವೇ. ಎರಡನೆಯದಕ್ಕೆ ಎದೆಯ ಮೇಲಿನ ಹೂವು ಕೆಳಗೆ ಬಿತ್ತು, ಎತ್ತಿಕೊಳ್ಳದೆ ಮೂರನೆಯದಕ್ಕೆ ಬಾಗಿದಿರಿ. ಯಾವ ಸುತ್ತೋಲೆ ಹೇಳಿತ್ತು ಬಾಗಿ ಎಂದು? ತಾವು ಚಿಕ್ಕವರಿದ್ದಾಗ ಒಬ್ಬ ಸಂಗೀತದ ಟೀಚರು ಕಲಿಸಿದ್ದರು. ಅವರ ಹೆಸರು ತಾವು ಮರೆತಿರಬಹುದು, ತಮ್ಮ ಸೊಂಟ ಮರೆತಿಲ್ಲ. ಧ್ವನಿಮುದ್ರಣ ಕೇಳಿ ಬೆಳೆದ ಸೊಂಟ ಹಾಗೆ ಬಾಗುತ್ತದೆಯೇ?

ಆದ್ದರಿಂದ ಆದೇಶ ಹಿಂತೆಗೆದುಕೊಳ್ಳಿ. ಸಂಗೀತ ಶಿಕ್ಷಕರ ವರ್ಗಾವಣೆಯನ್ನು ಬೇಗ ತಿಳಿಸಿ, ಹೋಗುವವರೂ ಬರುವವರೂ ಒಂದು ಮಧ್ಯಾಹ್ನ ಒಂದೇ ಪಿಯಾನೋ ಮುಂದೆ ಕೂರಲು ಬಿಡಿ. ಆಗದು ಎನ್ನುವುದಾದರೆ, ಮುಂದಿನ ಏಪ್ರಿಲ್‌ನಲ್ಲೂ ತಾವು ಮುಂದಿನ ಸಾಲಿನಲ್ಲಿರುತ್ತೀರಿ, ನಾನು ಪಿಯಾನೋ ಮುಂದಿರುತ್ತೇನೆ. "ಜೂಂ" ಆದ ಮೇಲೆ "ಜಾಂ" ಬಾರಿಸುವುದೋ ಬಿಡುವುದೋ ನನ್ನ ಕೈಯಲ್ಲಿರುತ್ತದೆ.

ಇಂತಿ,
ಊರನ್ನೇ ಬಾಗಿಸಿದ ಅಪರಾಧಿ,
ತಕೆಮುರಾ ಹಿಸಾಯೊ
ಸಂಗೀತ ಶಿಕ್ಷಕಿ, ತಾವು ಮತ್ತೆ ಎತ್ತಂಗಡಿ ಮಾಡುವವರೆಗೆ